ಎಂಟು ಯೂರೋ ನೋಟುಗಳಿಗೆ ಕುಂಕುಮ

ಚೌಕಾಸಿಯಲ್ಲಿ ನನಗೆ ಸಮಾನರಿಲ್ಲ ಎಂಬುದು ಬೆಳಗಾವಿಯ ಟಿಳಕವಾಡಿಯ ನಮ್ಮ ಗಲ್ಲಿಗೆಲ್ಲ ಗೊತ್ತು. ಕೊತ್ತಂಬರಿ ಕೊಂಡು ಕರಿಬೇವು ಪುಕ್ಕಟೆ ತರುವವನು ನಾನು. ಅಂಥವನಿಗೆ ಯೂರೋ ಕೊಳ್ಳುವುದು ಯಾವ ಮಹಾ ಕೆಲಸ!

ಯೂರೋ ಬೇಕಾಗಿದ್ದು ಶೋಭಾಳ ಬಲೂನಿಗೆ. ಶೋಭಾ ನನ್ನ ಹೆಂಡತಿ, ಖಾನಾಪುರದವಳು. ಮದುವೆಗೆ ಮುಂಚೆ ಬಟ್ಟೆ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಟರ್ಕಿಯ ಆಕಾಶದಲ್ಲಿ ತೇಲುವ ಬಲೂನುಗಳ ಚಿತ್ರ ಇತ್ತಂತೆ. ಆ ಹಾಳೆ ಇಪ್ಪತ್ತಾರು ವರ್ಷದಿಂದ ನಮ್ಮ ಕಪಾಟಿನ ಬಾಗಿಲ ಒಳಗಡೆ ಅಂಟಿಕೊಂಡಿದೆ. ಸೀರೆ ತೆಗೆಯುವಾಗೆಲ್ಲ ಅದನ್ನು ಒಂದು ಕ್ಷಣ ನೋಡುತ್ತಾಳೆ. ಒಮ್ಮೆಯೂ ಬಾಯಿಬಿಟ್ಟು ಕೇಳಿದವಳಲ್ಲ, ಅದೇ ನನಗೆ ಸಂಕಟ. ಅಂತೂ ಈ ವರ್ಷ ಒಂದು ಟೂರಿನ ಗುಂಪಿಗೆ ದುಡ್ಡು ಕಟ್ಟಿದೆ. ಬಲೂನು ಮಾತ್ರ ಅದರಲ್ಲಿ ಸೇರಿರಲಿಲ್ಲ. ಅದಕ್ಕೆ ಟರ್ಕಿಯಲ್ಲೇ ಯೂರೋ ಎಣಿಸಿ ಕೊಡಬೇಕು.

ಬೆಳಗಾವಿಯಲ್ಲಿ ಹೇಳಿದ ರೇಟು ನನಗೆ ಹಿಡಿಸಲಿಲ್ಲ. ಗೋವಾಕ್ಕೆ ಫಾರಿನ್ ಮಂದಿ ಬರುತ್ತಾರೆ, ಅಲ್ಲಿ ಯೂರೋ ಅಗ್ಗ ಎಂದು ಖಾನಾಪುರದ ಭಾವಮೈದುನ ದಾರಿ ತೋರಿಸಿದ. ನಮ್ಮ ಕಡೆಯವರಿಗೆ ಅಗ್ಗ ಎಂದರೆ ಗೋವಾ. ಬೈಕ್ ಹತ್ತಿ, ದಾರಿಯ ಜಾಂಬೋಟಿ ಕಾಡಿನ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ನೋಟು ಬದಲಿಸುವ ಅಂಗಡಿ ಮುಟ್ಟಿದೆ. ಪಾಸ್‌ಪೋರ್ಟ್ ಕೇಳಿದರು. ಅದು ನಮ್ಮ ಮನೆಯಲ್ಲಿ ಬೆಚ್ಚಗೆ ಮಲಗಿತ್ತು! ಮರುದಿನ ಮತ್ತೆ ಜಾಂಬೋಟಿ, ಮತ್ತೆ ಮಳೆ. ಯೂರೋಗೆ ಒಂದು ರೂಪಾಯಿ ಉಳಿಸಿ, ಉಳಿಸಿದ್ದಕ್ಕಿಂತ ಹೆಚ್ಚು ಪೆಟ್ರೋಲಿಗೆ ಸುರಿದು, ವಿಜಯಶಾಲಿಯಾಗಿ ಮರಳಿದೆ.

ಸಂಬಳ ಬರಲಿ, ಹೊಸ ಬೈಕ್ ಬರಲಿ, ಮೊದಲು ದೇವರ ಮುಂದೆ ಕುಂಕುಮ ಹಚ್ಚುವುದು ನಮ್ಮ ಮನೆಯ ಪದ್ಧತಿ. ಯೂರೋಗಳಿಗೂ ಆ ಮರ್ಯಾದೆ ಸಲ್ಲಬೇಕಲ್ಲ! ಎಂಟು ನೋಟುಗಳ ಕಟ್ಟು ಮುಂದಿಟ್ಟು, ಕುಂಕುಮಕ್ಕೆ ನೀರು ಕಲಸಿ ಕೂತೆ.

“ಮ್ಯಾಲಿನ ನೋಟಿಗೆ ಒಂದಕ್ಕ ಹಚ್ರಿ, ಸಾಕು,” ಎಂದಳು ಶೋಭಾ.

“ಉಳದವು ಏನ್ ಪಾಪ ಮಾಡ್ಯಾವು?” ಎಂದು ಎಂಟಕ್ಕೂ ಹೆಬ್ಬೆರಳು ಒತ್ತಿದೆ.

ಕಾರ್ಡಿನ ರೇಟು ಬರೀ ಮೋಸ ಎಂದು ಕಾರ್ಡನ್ನು ಮನೆಯಲ್ಲೇ ಬಿಟ್ಟೆ. ಟರ್ಕಿಯ ಬಸ್ಸಿನಲ್ಲಿ ಗುಂಪಿನವರ ರೇಟು ಒಂದೊಂದಾಗಿ ಕೇಳಿ, ನನ್ನದನ್ನು ಹೇಳಿ, ಪ್ರತಿಯೊಬ್ಬರಿಗೂ ಮರುಕ ತೋರಿಸಿದೆ.

ಪ್ರವಾಸದ ಕೊನೆಯ ದಿನ, ನಸುಕಿನಲ್ಲಿ, ಬಲೂನು. ಶೋಭಾ ಇಳಕಲ್ ಸೀರೆಯ ಮೇಲೆ ಸ್ವೆಟರ್ ತೊಟ್ಟು ನನಗಿಂತ ಮೊದಲೇ ತಯಾರಾಗಿದ್ದಳು. ಬಲೂನಿನವನು ನನ್ನ ನೋಟುಗಳನ್ನು ದೀಪಕ್ಕೆ ಹಿಡಿದ. ಕೆಂಪು ಕಲೆಯನ್ನು ಉಜ್ಜಿದ, ಮೂಸಿದ, ಮ್ಯಾನೇಜರನ್ನು ಕರೆದ. ಬ್ಯಾಂಕಿನ ಪೆಟ್ಟಿಗೆ ಒಡೆದರೆ ಬಣ್ಣ ಚಿಮ್ಮಿ ಕದ್ದ ನೋಟುಗಳಿಗೆ ಹೀಗೆ ಹತ್ತಿರುತ್ತದಂತೆ, ಇವು ನಡೆಯುವುದಿಲ್ಲ ಎಂದರು. ದೇವರ ಪ್ರಸಾದ ಇದು ಎಂದು ತಿಳಿಸಲು ಕೈಮುಗಿದು ತೋರಿಸಿದೆ. ಕಳ್ಳ ತಪ್ಪೊಪ್ಪಿಕೊಂಡ ಎಂದುಕೊಂಡರು.

ಗುಂಪಿನವರ ಹತ್ತಿರ ಕೈಗಡ ಕೇಳಬಹುದಿತ್ತು. ಬಸ್ಸಿನಲ್ಲಿ ತೋರಿಸಿದ ಮರುಕ ನೆನಪಾಗಿ ಬಾಯಿ ಬರಲಿಲ್ಲ. ಬಾಯಿ ಬರುವಷ್ಟರಲ್ಲಿ ಅವರು ಮೇಲೆ ಹೋಗಿದ್ದರು.

ಕೆಳಗೆ ನಾವಿಬ್ಬರೇ ಉಳಿದೆವು. ಒಂದೊಂದೇ ಬಲೂನು ಎದ್ದು ಆಕಾಶವೆಲ್ಲ ತುಂಬಿತು, ಥೇಟು ಕ್ಯಾಲೆಂಡರಿನ ಹಾಗೆ. ಶೋಭಾ ಕತ್ತೆತ್ತಿ ನೋಡುತ್ತಲೇ ಇದ್ದಳು. ಒಂದು ಬಲೂನು ಎಷ್ಟು ಕೆಳಗೆ ಬಂತೆಂದರೆ ಬುಟ್ಟಿಯಲ್ಲಿದ್ದವರ ನಗು ಕೇಳಿಸಿತು. ಅವಳ ಕೈ ತಾನಾಗಿಯೇ ಸ್ವಲ್ಪ ಮೇಲೆದ್ದು, ಮತ್ತೆ ಸೆರಗಿಗೆ ಬಂತು. ನನಗೆ ಅಳು ಬಂತು. ಅವಳು ಬೈದರೆ ಹಗುರಾಗುತ್ತೇನೆ ಎಂದು ಕಾದೆ.

ಬಲೂನಿನಿಂದ ಕಣ್ಣು ಕೀಳದೆ ಮೆತ್ತಗೆ ಕೇಳಿದಳು: “ಇವತ್ತ ಯೂರೋ ರೇಟ್ ಎಷ್ಟ್ ಐತ್ರಿ?”

ಆ ಎಂಟು ನೋಟುಗಳು ಈಗ ದೇವರ ಮನೆಯಲ್ಲಿವೆ. ಗೋವಾದವರೂ ವಾಪಸ್ ತೆಗೆದುಕೊಳ್ಳಲಿಲ್ಲ. ಶೋಭಾ ಕಪಾಟು ತೆರೆದು ಆ ಹಾಳೆಯ ಮುಂದೆ ಒಂದು ಕ್ಷಣ ನಿಂತಾಗ ನಾನು ಚೀಲ ಹಿಡಿದು ಸಂತೆಗೆ ಹೊರಡುತ್ತೇನೆ. ಕೇಳಿದಷ್ಟು ಕೊಟ್ಟು ಕೊತ್ತಂಬರಿ ತರುತ್ತೇನೆ. ಕರಿಬೇವಿಗೂ ದುಡ್ಡು ಕೊಡುತ್ತೇನೆ.