ಮೀನು ತರಬಾರದ ಮನೆಯಲ್ಲಿ ನಾಲ್ಕು ಮೀನು

ನಾಯಿ ಸಾಕಿದರೆ ಜನ ನಾಯಿಯನ್ನು ನೋಡುತ್ತಾರೆ. ನೀರು ಬಿಟ್ಟು ಕೆಸರಿನ ಮೇಲೆ ಕೂರುವ ಮೀನು ಸಾಕಿದರೆ ಸಾಕಿದವನನ್ನೇ ನೋಡುತ್ತಾರೆ. ಹೈದರಾಬಾದಿನಲ್ಲಿ ನನ್ನನ್ನು ಹಾಗೆ ನೋಡದವರು ಕಡಿಮೆ, ನನಗೆ ಸಹಾಯ ಮಾಡದವರು ಇನ್ನೂ ಕಡಿಮೆ. ಅದಕ್ಕೇ ಇದನ್ನೆಲ್ಲ ಹೇಳಬೇಕು ಅನ್ನಿಸಿದ್ದು.

೧. ಖರಾಬ್ ಮಾಲು

ನಾನು ಕುಮಟಾ ಕಡೆಯವನು. ಬಾಲಾನಗರದ ಒಂದು ವರ್ಕ್‌ಶಾಪಿನಲ್ಲಿ ಇನ್‌ಸ್ಪೆಕ್ಷನ್ ಕೆಲಸ. ಒಂದು ಭಾನುವಾರ ಅಕ್ವೇರಿಯಂ ಅಂಗಡಿಯ ಮೂಲೆಯಲ್ಲಿ ನಾಲ್ಕು ಮಡ್‌ಸ್ಕಿಪ್ಪರ್ ಕಂಡವು. ನಮ್ಮೂರಲ್ಲಿ ಹೊಳೆ ಸಮುದ್ರ ಸೇರುವ ಕಡೆ, ನೀರು ಇಳಿದಾಗ ಕೆಸರಿನ ಮೇಲೆ ಕುಪ್ಪಳಿಸುತ್ತವಲ್ಲ, ಅವೇ. ಪಾಪ, ತುಂಬಿದ ಸಿಹಿನೀರಿನ ಗಾಜಿನ ಪೆಟ್ಟಿಗೆಯಲ್ಲಿ ಗೋಡೆಗೆ ಅಂಟಿಕೊಂಡು ಜೀವ ಹಿಡಿದಿದ್ದವು.

ಅಂಗಡಿಯವನು ಪ್ರಾಮಾಣಿಕ ಮನುಷ್ಯ. "ಬೇಡ ಸಾಬ್, ಮಾಲು ಖರಾಬಿದೆ. ಎಷ್ಟು ಸಲ ನೀರಿಗೆ ತಳ್ಳಿದರೂ ಮೇಲೆ ಹತ್ತಿ ಬರುತ್ತವೆ. ಇವಕ್ಕೆ ಈಜುವುದಕ್ಕೇ ಬರುವುದಿಲ್ಲ" ಎಂದ.

"ಖರಾಬಲ್ಲಪ್ಪ, ಇವು ಇರುವುದೇ ಹಾಗೆ. ನಮ್ಮೂರಿನವು" ಎಂದೆ.

ಅವನು ಮೀನನ್ನು ನೋಡಿದ, ನನ್ನನ್ನು ನೋಡಿದ. "ಹೌದು ಸಾಬ್, ಕಣ್ಣು ಹಾಗೇ ಇವೆ" ಎಂದು ಕಟ್ಟಿಕೊಟ್ಟ.

೨. ಮುಚ್ಚಳ

ಇವುಗಳ ಮನೆ ಅರ್ಧ ನೀರು, ಅರ್ಧ ಇಳಿಜಾರು ಕೆಸರು ಇರಬೇಕು. ಒಳಗಿನ ಗಾಳಿ ಒಣಗಬಾರದು, ಒಣಗಿದರೆ ಇವಕ್ಕೆ ಉಸಿರು ಕಟ್ಟುತ್ತದೆ. ಹಾಗಾಗಿ ಮುಚ್ಚಳ ಬಿಗಿಯಾಗಿರಬೇಕು. ನಾನೋ ಇನ್‌ಸ್ಪೆಕ್ಷನ್ ಮನುಷ್ಯ, ಕೂದಲೆಳೆ ಸಂದೂ ಇರಬಾರದು ಎಂದು ಡ್ರಾಯಿಂಗ್ ಬರೆದು ನಮ್ಮ ಫಿಟ್ಟರ್ ಗೆಳೆಯನ ಕೈಗೆ ಕೊಟ್ಟೆ. ವಿಮಾನದ ಬಿಡಿಭಾಗ ಮಾಡಿ ಪಳಗಿದ ತೆಲುಗಿನವನು.

"ಮೀನಿನ ಪೆಟ್ಟಿಗೆಗೆ ಇಷ್ಟು ಬಿಗಿ ಯಾಕೆ ಅನ್ನಾ?"

"ಗೋಡೆ ಹತ್ತುತ್ತವೆ."

"ಮೀನು?"

"ಹ್ಞೂಂ. ಹತ್ತಿ, ಹೊರಗೆ ನೆಗೆದು, ನಡೆದುಕೊಂಡು ಹೋಗುತ್ತವೆ."

ಅವನು ಡ್ರಾಯಿಂಗನ್ನು ಮಡಚಿ ಜೇಬಿಗಿಟ್ಟುಕೊಂಡ. "ಮುಚ್ಚಳ ನಾನು ಮಾಡಿಕೊಡುತ್ತೇನೆ. ನೀನು ಒಂದು ವಾರ ರಜೆ ಹಾಕಿ ಮಲಗು" ಎಂದ. ಮಾಡಿಕೊಟ್ಟ ಮುಚ್ಚಳ ಎಷ್ಟು ಬಿಗಿಯೆಂದರೆ, ಮೊದಲನೇ ದಿನ ತೆಗೆಯುವುದಕ್ಕೂ ಅವನನ್ನೇ ಕರೆಸಬೇಕಾಯಿತು.

೩. ಉಪ್ಪು

ಇನ್ನು ಅಸಲು ಭಯದ ವಿಷಯ. ನಮ್ಮ ಮನೆ ಮಾಲಕರು ಬೀದರ್ ಕಡೆಯವರು, ಅಪ್ಪಟ ಸಸ್ಯಾಹಾರಿಗಳು. ಬೇಗಂ ಬಜಾರಿನಲ್ಲಿ ಅವರ ಕಿರಾಣಿ ಅಂಗಡಿ. ನಾವು ಅವರನ್ನು ಕಾಕಾ, ಅವರ ಹೆಂಡತಿಯನ್ನು ಕಾಕು ಅನ್ನುತ್ತೇವೆ. ಮನೆ ಕೊಡುವಾಗಲೇ ಕಾಕಾ ಹೇಳಿದ್ದರು: "ನೋಡ್ರಿ, ಮೀನ ಅಂಬೋದು ಈ ಮನಿ ಹೊಸ್ತಿಲಾ ದಾಟಬಾರದು. ದಾಟಿತು ಅಂದ್ರ ಅವತ್ತ ನೀವು ಮನಿ ಖಾಲಿ ಮಾಡ್ರಿ." ಅಂಥ ಗಾಳಿ ಬೆಳಕಿನ ಮನೆ, ಅಂಥ ಒಳ್ಳೆಯ ಜನ ಮತ್ತೆಲ್ಲಿ ಸಿಗಬೇಕು? ಹಾಗಾಗಿ ಪೆಟ್ಟಿಗೆಯಲ್ಲಿ ಊರಿನ ಕಾಂಡ್ಲ ಗಿಡ ಎರಡು ನೆಟ್ಟು, "ಸಮುದ್ರದಂಡೆಯ ಗಿಡ ಬೆಳೆಸುತ್ತಿದ್ದೇವೆ" ಎಂದು ನನ್ನ ಹೆಂಡತಿ ಹೇಳಿಬಿಟ್ಟಿದ್ದಳು. ಸುಳ್ಳೇನಲ್ಲ, ಪೂರ್ತಿ ನಿಜವೂ ಅಲ್ಲ.

ಆ ನೀರಿಗೆ ಅಡುಗೆ ಉಪ್ಪು ನಡೆಯುವುದಿಲ್ಲ, ಅಕ್ವೇರಿಯಂ ಅಂಗಡಿಯ ಸಮುದ್ರದ ಉಪ್ಪೇ ಬೇಕು. ಒಂದು ದಿನ ಅದರ ದೊಡ್ಡ ಬಕೆಟ್ ಹೊತ್ತು ಬರುವಾಗ ಮೆಟ್ಟಿಲ ಮೇಲೆ ಕಾಕು ಸಿಕ್ಕರು.

"ಏನ್ರಿ ಅದು?"

"ಉಪ್ಪು ಕಾಕು."

"ಅಯ್ಯ ಶಿವನೇ! ಹೋದ ತಿಂಗಳಾನೂ ಒಂದು ತಂದಿದ್ರಲ್ರಿ? ಇರೋರು ಇಬ್ಬರು!"

ನಾನು ಬಕೆಟ್ ಸಮೇತ ಮನೆಯೊಳಗೆ ನುಗ್ಗಿದೆ. ಮರುದಿನದಿಂದ ಬೆಳಿಗ್ಗೆ ಮೇಲಿನ ಮಹಡಿಯ ಕಾಕು ಮನೆಯಿಂದ ಡಬ್ಬಿ ಇಳಿಯತೊಡಗಿತು. ಉಪ್ಪಿಲ್ಲದ ಉಪ್ಪಿಟ್ಟು, ಉಪ್ಪಿಲ್ಲದ ಝುಣಕ. "ಬಿ.ಪಿ. ಭಾಳ ಕೆಟ್ಟದ್ದು. ಹಿಂಗ ತಿಂದು ರೂಢಿ ಮಾಡ್ಕೋರಿ" ಎಂಬ ಮಾತು ಬೇರೆ. ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಹೇಗೆ ಬೇಡ ಅನ್ನುವುದು? ಒಂದು ತಿಂಗಳು ಮೀನುಗಳು ಉಪ್ಪು ಉಂಡವು, ನಾವು ಚಪ್ಪೆ ಉಂಡೆವು.

೪. ನಾಲ್ಕು ದಿನ

ಕಳೆದ ಬೇಸಿಗೆಯಲ್ಲಿ ನಾದಿನಿಯ ಮದುವೆಗೆ ನಾಲ್ಕು ದಿನ ಊರಿಗೆ ಹೋಗಬೇಕಾಯಿತು. ಆ ಸೆಖೆಯಲ್ಲಿ ದಿನಕ್ಕೆರಡು ಸಲ ಒಳಗೆ ನೀರು ಸಿಂಪಡಿಸದಿದ್ದರೆ ಮೀನು ಉಳಿಯುವುದಿಲ್ಲ. ಫಿಟ್ಟರ್ ಗೆಳೆಯನಿಗೆ ಬೀಗದ ಕೈ ಕೊಟ್ಟು, ಕಾಕಾಗೆ ಏನೂ ಗೊತ್ತಾಗದ ಹಾಗೆ ನೋಡಿಕೋ ಎಂದು ಕೈ ಮುಗಿದು ಹೊರಟೆವು.

ಮೂರನೇ ದಿನ ಊಟದ ಪಂಕ್ತಿಯಲ್ಲಿ ಕೂತಿದ್ದಾಗ ಕಾಕಾನ ಫೋನು. "ಎಲ್ಲಿದ್ದೀರಿ? ಲಗೂನ ಬರ್ರಿ. ಮಾತಾಡೋದೈತಿ." ಇಟ್ಟೇಬಿಟ್ಟರು.

ಗೆಳೆಯನಿಗೆ ಫೋನ್ ಮಾಡಿದರೆ, "ಅನ್ನಾ, ನನ್ನನ್ನು ಅರ್ಜೆಂಟಾಗಿ ಹೊರಗೂರಿನ ಡ್ಯೂಟಿಗೆ ಕಳಿಸಿದರು. ಮೀನು ಸಾಯಬಾರದಲ್ಲ, ಗಿಡಕ್ಕೆ ನೀರು ಹೊಡೆಯಿರಿ ಅಂತ ಹೇಳಿ ಬೀಗದ ಕೈ ಮಾಲಕರಿಗೇ ಕೊಟ್ಟೆ" ಎಂದ. ಅವನನ್ನು ಬಯ್ಯುವುದೋ, ಕಾಲಿಗೆ ಬೀಳುವುದೋ! ಹೆಂಡತಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಯಾವ ಪಾತ್ರೆ ಯಾವ ಡಬ್ಬಕ್ಕೆ ಎಂದು ಸಾಮಾನು ಕಟ್ಟುವ ಲೆಕ್ಕ ಹಾಕುತ್ತಿದ್ದಳು.

ಮನೆ ಬಾಗಿಲು ಹಾರು ಹೊಡೆದಿತ್ತು. ಒಳಗೆ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕಾಕಾ ಕೂತಿದ್ದರು, ಕೈಯಲ್ಲಿ ನೀರಿನ ಸ್ಪ್ರೇ. ಪಕ್ಕದಲ್ಲಿ ಕಾಕು. ಕೆಸರಿನ ಮೇಲೆ ನಾಲ್ಕೂ ಮೀನು ಸಾಲಾಗಿ ಕೂತಿದ್ದವು, ಒಂದೂ ಸತ್ತಿರಲಿಲ್ಲ. ನನಗೆ ಕಣ್ಣಲ್ಲಿ ನೀರೇ ಬಂತು.

"ಗಿಡಕ್ಕ ನೀರ ಹೊಡ್ಯಾಕ ಬಂದ್ರ, ಗಿಡದ ಬುಡದಾಗ ಕುಂತು ಕಣ್ಣ ಪಿಳಿಪಿಳಿ ಬಿಡಾಕತ್ತಿದ್ವು" ಎಂದರು ಕಾಕಾ, ಗಂಭೀರವಾಗಿ. "ಫೋಟೋ ತೆಗದು ಅಂಗಡಿಯಾಗ ಒಬ್ಬಾಂವಗ ತೋರಿಸಿದೆ. ಮೀನ ಅಂದ."

ನಾವು ತಲೆ ತಗ್ಗಿಸಿದೆವು.

"ಚಪಾತಿ ಹಾಕಿದೆ, ಮೂಸಿ ಸುದ್ದಾ ನೋಡ್ಲಿಲ್ಲ."

ಕಾಕು ತಡೆಯಲಾರದೆ ನಡುವೆ ಬಾಯಿ ಹಾಕಿದರು. "ಮೊನ್ನೆ ಮುಚ್ಚಳ ತೆಗದಾಗ ಒಂದು ನೊಣಾ ಒಳಗ ಹೊಕ್ಕಿತ್ರಿ. ಗಬಕ್ಕನ ತಿಂತು! ಅವತ್ತಿನಿಂದ ಇವರು ಅಂಗಡಿಗೆ ಹೋಗಿಲ್ಲ. ನೊಣಾ ಬರಲಿ ಅಂತ ಬಾಗಲಾ ತೆಗದಿಟ್ಟು ಕುಂತಾರ!"

"ನೀ ಸುಮ್ಮನಿರು" ಎಂದು ಕಾಕಾ ಗದರಿದರು.

ನನ್ನ ಹೆಂಡತಿ ಅಳುತ್ತಲೇ, "ತಪ್ಪಾಯಿತು ಕಾಕಾ. ನಿಮಗೆ ಸುಳ್ಳು ಹೇಳಬಾರದಿತ್ತು. ಈ ತಿಂಗಳೇ ಮನೆ ಖಾಲಿ ಮಾಡುತ್ತೇವೆ" ಎಂದಳು.

ಕಾಕಾ ಪೆಟ್ಟಿಗೆಯೊಳಗೆ ಇನ್ನೊಂದು ಸಲ ನೀರು ಹೊಡೆದರು.

"ಆತು. ನೀವು ಹೋಗೋದಿದ್ರ ಹೋಗ್ರಿ, ನಾ ಬ್ಯಾಡ ಅನ್ನಾಂಗಿಲ್ಲ" ಎಂದರು. "ಇವು ಇಲ್ಲೇ ಇರಲಿ."