ಹೆಣ್ಣು ನೋಡೋಕೆ ಹೋದ ಹಳೇ ಡೀಸೆಲ್ ಗಾಡಿ

ನಮ್ಮನೆ ಹಳೇ ಡೀಸೆಲ್ ಗಾಡಿ ಹೊರಗೆ ಹೊರಟ್ರೆ ಸುಮ್ನೆ ವಾಪಸ್ ಬಂದಿದ್ದೇ ಇಲ್ಲ, ಏನಾದ್ರೂ ಒಂದು ಫಜೀತಿ ಹೊತ್ಕೊಂಡೇ ಬರೋದು. ಹೋದ ವರ್ಷ ನನ್ನ ಮೈದುನನಿಗೆ ಹೆಣ್ಣು ಹುಡುಕುವಾಗಂತೂ ಕೇಳ್ಬೇಡಿ. ವಯಸ್ಸು ಮೀರ್ತಾ ಇತ್ತು, ಇವನಿಗೆ ಮದುವೆ ಆಗುತ್ತೋ ಇಲ್ವೋ ಅಂತ ಅತ್ತೆಗೆ ಅದೇ ಕೊರಗು. ಅದರ ಮೇಲೆ ಮನೆಗೆಲ್ಲ ಹಿರಿಯರಾದ ನಮ್ಮ ದೊಡ್ಡಮಾವ, ಯಾರ ಮನೆಗೆ ಹೋದ್ರೂ ಕಾಫಿ ಕುಡಿದು "ಹೋಗಿ ಹೇಳಿ ಕಳಿಸ್ತೀವಿ" ಅಂತ ಎದ್ದುಬಿಡೋರು. ಹೇಳಿ ಕಳಿಸಿದ್ದು ಒಮ್ಮೆಯೂ ಇಲ್ಲ.

ಕಡೂರು

ಗಾಡಿ ಉದ್ದಕ್ಕಿದೆ, ಹಿಂದೆ ಎದುರುಬದುರು ಸೀಟು. ಖಾಲಿ ಯಾಕೆ ಹೋಗ್ಬೇಕು ಅಂತ ಅತ್ತೆ ಮನೆಮಂದಿನೆಲ್ಲ ತುಂಬಿಸಿದ್ರು. ಹೆಣ್ಣಿನವರು ನಾಲ್ಕೈದು ಜನಕ್ಕೆ ಉಪ್ಪಿಟ್ಟು ಮಾಡಿಟ್ಟಿದ್ರು. ಮುಂದಿನ ಬಾಗಿಲಲ್ಲಿ ಇಳಿದ್ವಿ, ನಡುವಿನ ಬಾಗಿಲಲ್ಲಿ ಇಳಿದ್ವಿ. ಮುಗೀತಲ್ಲ ಅಂತ ಹೆಣ್ಣಿನ ತಾಯಿ ಒಳಗೆ ತಿರುಗುವಾಗ ಹಿಂದಿನ ಬಾಗಿಲು ತೆಗೀತು. ಆಯಮ್ಮ ನನ್ನ ಪಕ್ಕಕ್ಕೆ ಕರೆದು ಕೇಳಿದ್ರು, "ಮದುವೆ ದಿಬ್ಬಣಕ್ಕೆ ಅಂತ ಊರಲ್ಲಿ ಯಾರನ್ನಾದ್ರೂ ಉಳಿಸಿದ್ದೀರೇನಮ್ಮಾ?"

ತರೀಕೆರೆ

ಈ ಸಲ ನಾಲ್ಕೇ ಜನ ಹೋದ್ವಿ. ಹುಡುಗ ಹುಡುಗಿ ಮಾತಾಡ್ಕೊಳ್ಳಲಿ ಅಂತ ಹಿರಿಯರು ಇಬ್ಬರನ್ನೂ ಹಿತ್ತಲಿಗೆ ಕಳಿಸಿದ್ರು. ಹೆಣ್ಣುಮಕ್ಕಳ ಜೊತೆ ಮಾತಾಡಿ ಗೊತ್ತಿಲ್ಲದ ನನ್ನ ಮೈದುನ ತನಗೆ ಗೊತ್ತಿದ್ದ ಒಂದೇ ವಿಷಯ ಎತ್ಕೊಂಡ. ಗಾಡಿ ಲೀಟರಿಗೆ ಎಷ್ಟು ಕೊಡುತ್ತೆ, ಲೋಡ್ ಇದ್ರೆ ಕೆಮ್ಮಣ್ಣುಗುಂಡಿ ಘಾಟೀಲಿ ಎಸಿ ಆಫ್ ಮಾಡಿ ಸೆಕೆಂಡ್ ಗೇರಲ್ಲಿ ಹೇಗೆ ಹತ್ತುತ್ತೆ, ಚಳೀಲಿ ಸ್ಟಾರ್ಟ್ ಮಾಡೋಕೆ ಹೀಟರ್ ದೀಪ ಆರೋವರೆಗೂ ಯಾಕೆ ಕಾಯ್ಬೇಕು, ಎಲ್ಲ ಒದರಿದ. ಹುಡುಗಿ ಒಳಗೆ ಬಂದು ಅಪ್ಪನಿಗೆ ಹೇಳಿದ್ಲು, "ಅವರು ಗಾಡಿ ಮಾರೋಕೆ ಬಂದಿರೋದು ಕಣಪ್ಪಾ."

ಅಜ್ಜಂಪುರ

ಇಲ್ಲಿ ಮಾತ್ರ ಮೈದುನನ ಮುಖ ಅರಳಿತು. ಹುಡುಗಿನೂ ತಲೆ ತಗ್ಗಿಸದೆ ಅವನನ್ನ ನೋಡಿದ್ಲು. ಅತ್ತೆ ನನ್ನ ಕೈ ಹಿಸುಕಿದ್ರು. ಅಷ್ಟರಲ್ಲಿ ದೊಡ್ಡಮಾವ ಕಾಫಿ ಮುಗಿಸಿ "ಹೋಗಿ ಹೇಳಿ ಕಳಿಸ್ತೀವಿ" ಅಂದೇಬಿಟ್ರು. ನನಗೆ ಹೊಟ್ಟೆ ಉರಿದುಹೋಯ್ತು.

ಎಲ್ಲ ಹೋಗಿ ಗಾಡೀಲಿ ಕೂತ್ವಿ. ಮೈದುನ ಸೆಲ್ಫ್ ಹೊಡೆದ, ಸ್ಟಾರ್ಟ್ ಆಗ್ಲಿಲ್ಲ. ಇಳಿದು ತಳ್ಳಿದ್ವಿ, ಆಗ್ಲೂ ಇಲ್ಲ. ಮಧ್ಯಾಹ್ನ ಆಯ್ತು, ಹೆಣ್ಣಿನವರು ಊಟಕ್ಕೆ ಏಳಿ ಅಂದ್ರು. ನಮ್ಮ ಕಡೆ ಪದ್ಧತಿ, ಒಪ್ಪಿಗೆ ಆಗೋವರೆಗೂ ಹೆಣ್ಣಿನ ಮನೇಲಿ ಊಟ ಮಾಡೋ ಹಾಗಿಲ್ಲ. ದೊಡ್ಡಮಾವ ಬೇಡ ಬೇಡ ಅಂತ ಜಗಲಿ ಮೇಲೆ ಕೂತ್ರು. ಶುಗರ್ ಇರೋ ಮನುಷ್ಯ, ಹಸಿವು ತಡೆಯಲ್ಲ. ಒಳಗಿಂದ ಅವರೆಕಾಳು ಸಾರಿನ ಘಮ ಬೇರೆ. ಒಂದಷ್ಟು ಹೊತ್ತು ಮೀಸೆ ತಿರುವಿ, ಕೊನೆಗೆ ಮೈದುನನನ್ನ ಕರೆದು, "ಏನಪ್ಪಾ, ನಿನಗೆ ಒಪ್ಪಿಗೆನಾ?" ಅಂದ್ರು. ಅವರ ಮಾತು ಮುಗಿಯೋಕೆ ಮುಂಚೆ ಅವನು ತಲೆ ಆಡಿಸಿದ. ಒಳಗೆ ಕೇಳಿದ್ರು, ಹುಡುಗಿನೂ ಹೂಂ ಅಂದ್ಲು. ತಾಂಬೂಲ ಬದಲಾಯಿಸಿ ಊಟಕ್ಕೆ ಎಲೆ ಹಾಕಿದ್ರು. ಅತ್ತೆ ಊಟ ಬಿಟ್ಟು ಕಣ್ಣು ಒರೆಸ್ಕೊಳ್ತಾ ಕೂತ್ರು. ಸದ್ಯ, ದೇವರು ಕಣ್ಣು ಬಿಟ್ಟ ಅಂತ ನನಗೂ ಎದೆ ಹಗುರಾಯ್ತು.

ಊಟ ಆದ್ಮೇಲೆ ಮೆಕ್ಯಾನಿಕ್‌ಗೆ ಫೋನ್ ಮಾಡ್ತಿದ್ವಿ. ಹುಡುಗಿ ಸೆರಗು ಸಿಕ್ಕಿಸ್ಕೊಂಡು ಬಂದು, ಸ್ಟೇರಿಂಗ್ ಕೆಳಗೆ ಕೈ ಹಾಕಿ, ಇಂಜಿನ್ ನಿಲ್ಲಿಸೋಕೆ ಎಳೆಯೋ ಗುಂಡೀನ ಒಳಗೆ ತಳ್ಳಿದ್ಲು. ಅದು ಹೊರಗಿದ್ರೆ ಇಂಜಿನ್ನಿಗೆ ಡೀಸೆಲ್ಲೇ ಹೋಗಲ್ಲ. ಬಂದಾಗ ಎಳೆದಿದ್ದ ನನ್ನ ಮೈದುನ, ಹೊರಡೋ ಗಾಬರೀಲಿ ತಳ್ಳೋದನ್ನೇ ಮರೆತಿದ್ದ. ಅವಳು ಕೀ ತಿರುಗಿಸಿದ್ಲು, ಗಾಡಿ ಸ್ಟಾರ್ಟ್ ಆಯ್ತು.

ಅಷ್ಟು ಬೇಗ ಹೇಗೆ ಗೊತ್ತಾಯ್ತಮ್ಮಾ ಅಂತ ಮೆಲ್ಲಗೆ ಕೇಳಿದೆ.

"ನಮ್ಮ ಟ್ರ್ಯಾಕ್ಟರಲ್ಲೂ ಹಿಂಗೇ ಅಕ್ಕಾ" ಅಂದ್ಲು. "ನೀವೆಲ್ಲ ತಳ್ಳುವಾಗ್ಲೇ ನೋಡಿದ್ದೆ."