ಪುಟ್ಟಿಯ ಮಂಚಕ್ಕೆ ಅಟ್ಟದ ದಬ್ಬೆ

ಗಣಿತ ಮೇಷ್ಟ್ರಾದವನಿಗೆ ಒಂದು ಮಂಚ ಆರಿಸುವುದು ಕಷ್ಟವೇ? ಉದ್ದ, ಅಗಲ, ಎತ್ತರ, ಅಷ್ಟೇ ತಾನೆ! ಹೀಗೆಂದುಕೊಂಡೇ ನಾನು ಆ ಕಾರ್ಯಕ್ಕೆ ಕೈ ಹಾಕಿದ್ದು.

ಆಗ ನಾವು ತಿಪಟೂರಿನ ಬಾಡಿಗೆ ಮನೆಯಲ್ಲಿದ್ದೆವು. ನಮ್ಮ ಮದುವೆಯ ಮಂಚ ಎಷ್ಟು ಎತ್ತರವೆಂದರೆ ಹತ್ತಲು ಸ್ಟೂಲು ಬೇಕು. ಒಂದು ಬೆಳಿಗ್ಗೆ ನಾಲ್ಕು ವರ್ಷದ ಮಗಳು ಪುಟ್ಟಿ ಅದರಿಂದ ದೊಪ್ಪೆಂದು ಉರುಳಿದಳು. ಹಣೆ ನಿಂಬೆಕಾಯಷ್ಟು ಊದಿಕೊಂಡಿತು. ಅವಳಿಗಿಂತ ಜೋರಾಗಿ ಅತ್ತವನು ನಾನು.

ಅಂದೇ ಘೋಷಿಸಿದೆ: “ಪುಟ್ಟಿಗೆ ಬೇರೆ ಮಂಚ! ಕುಳ್ಳಗಿರಬೇಕು. ಹಾಸಿಗೆಯ ಅಡಿ ಗಟ್ಟಿಯಾಗಿರಬೇಕು.”

“ಬಡಗಿಗೆ ಹೇಳಿದ್ರೆ ನಾಲ್ಕು ಹಲಗೆ ಹೊಡ್ದು ಕೊಡ್ತಾನೆ ಬುಡಿ,” ಎಂದಳು ಹೆಂಡತಿ ಸರೋಜ.

“ಹಲಗೆ ಸೀಳಿದ್ರೆ? ಬಗ್ಗಿದ್ರೆ? ಪರೀಕ್ಷೆ ಮಾಡ್ದೇ ಮಗೂನ ಮಲಗಿಸೋಕಾಗುತ್ತೇನೇ?”

ಪರೀಕ್ಷೆ ಶುರುವಾಯಿತು. ಪೇಟೆಯ ಅಂಗಡಿಯಲ್ಲಿ ಹಗ್ಗದ ಮಂಚದ ಮೇಲೆ ಮಲಗಿ ನೋಡಿದೆ. ನಡು ನೆಲ ಮುಟ್ಟಿತು; ತಲೆ, ಕಾಲು ಎರಡೂ ಸೂರು ನೋಡಿದವು. ಅಂಗಡಿಯವರು ಕೈ ಹಿಡಿದು ಎಳೆಯಬೇಕಾಯಿತು. ಆಮೇಲೆ ಮಡಚುವ ಕಬ್ಬಿಣದ ಮಂಚ. ನಾನು ಕುಳಿತ ಕೂಡಲೇ ಅದು ತನ್ನ ಕೆಲಸ ಮಾಡಿತು. ಮಡಚಿಕೊಂಡಿತು! ಒಳಗೆ ನಾನಿದ್ದೆ.

ಆ ಭಾನುವಾರ ಬಿಳಿಗೆರೆಯ ಮಾವನ ಮನೆಗೆ ಹೋದೆವು. ಮುದ್ದೆ, ಅವರೆಕಾಳಿನ ಸಾರು ಉಂಡು ನಡುಮನೆಯಲ್ಲಿ ಅಂಗಾತ ಮಲಗಿದೆ. ತಲೆಯ ಮೇಲೆ ಅಟ್ಟ. ಅಡಿಕೆ ಮರ ಸೀಳಿ ಮಾಡಿದ ದಬ್ಬೆಗಳನ್ನು ಸಾಲಾಗಿ ಜೋಡಿಸಿ, ಅದರ ಮೇಲೆ ತೋಟದ ತೆಂಗಿನಕಾಯನ್ನೆಲ್ಲ ಒಣಗಿ ಕೊಬ್ಬರಿಯಾಗಲೆಂದು ರಾಶಿ ಹಾಕಿದ್ದರು. ಅಷ್ಟು ಭಾರ ಹೊತ್ತೂ ಒಂದು ದಬ್ಬೆಯೂ ಬಗ್ಗಿರಲಿಲ್ಲ! ನಾನು ದಡಕ್ಕನೆ ಎದ್ದು ಕುಳಿತೆ. ಸಾವಿರಾರು ಕಾಯಿ ಹೊರುವ ದಬ್ಬೆ ನನ್ನ ಒಬ್ಬ ಪುಟ್ಟಿಯನ್ನು ಹೊರದೇ?

ಮಾವ ತೋಟಕ್ಕೆ ಹೊರಟಿದ್ದರು. “ಮಾವ, ಪುಟ್ಟಿ ಮಂಚಕ್ಕೆ ಒಂದಷ್ಟು ದಬ್ಬೆ ಬೇಕಿತ್ತು,” ಎಂದೆ.

“ಅದಕ್ಕೇನು ಅಳಿಯಂದ್ರೆ, ಹಿತ್ಲಾಗೆ ಬಿದ್ದವೆ. ಬೇಕಾದಷ್ಟು ತಗೊಳ್ಳಿ,” ಎಂದು ಹೊರಟೇಹೋದರು.

ಹಿತ್ತಿಲಿನ ದಬ್ಬೆಗಳು ಚೆನ್ನಾಗಿಯೇ ಇದ್ದವು. ಆದರೆ ಅವು ಈವರೆಗೆ ಏನು ಹೊತ್ತಿದ್ದವು? ಒಣಗಿದ ಗರಿ! ಅನುಭವವಿಲ್ಲದ ದಬ್ಬೆಗಳು! ನನ್ನ ಮಗಳಿಗೆ ಅನುಭವಸ್ಥ ದಬ್ಬೆಯೇ ಬೇಕು. ಅಟ್ಟದಲ್ಲಿ ಅಲ್ಲೊಂದು ಇಲ್ಲೊಂದು ತೆಗೆದರೆ ಉಳಿದವು ಭಾರ ಹಂಚಿಕೊಳ್ಳುತ್ತವೆ. ಬರೀ ಭಾಗಾಕಾರ. ಏಣಿ ಹಾಕಿದೆ, ಹಾರೆ ಹಿಡಿದೆ, ಹತ್ತಿದೆ.

ಮೊದಲ ದಬ್ಬೆ ಸಲೀಸಾಗಿ ಬಂತು. ಎರಡನೆಯದನ್ನು ಮೀಟಿದಾಗ ಒಂದು ಕಾಯಿ ಸಂದಿಯಿಂದ ಇಣುಕಿ, ನನ್ನನ್ನು ನೋಡಿ, ನನ್ನ ಭುಜ ಸವರಿಕೊಂಡು ಕೆಳಗಿಳಿಯಿತು. ಅದರ ಹಿಂದೆ ಅದರ ಅಣ್ಣ. ಆಮೇಲೆ ಬಂಧುಬಳಗ! ಪಕ್ಕದ ದಬ್ಬೆ ತಾನಾಗಿಯೇ ಕಳಚಿತು. ದಡದಡದಡ! ಏಣಿ ಹೋಯಿತು. ಹಾರೆ ಹೋಯಿತು. ನಾನು ತೊಲೆ ತಬ್ಬಿಕೊಂಡು ನೇತಾಡುತ್ತಿದ್ದೆ.

ಅಷ್ಟರಲ್ಲಿ ಬಾಗಿಲ ಬಳಿಯಿಂದ ದನಿ ಬಂತು: “ಅಪ್ಪಾ, ನಾನೂ ಆಡ್ತೀನಿ!”

ಪುಟ್ಟಿ! “ಬರಬೇಡಾ!” ಎಂದು ಕಿರುಚಿದೆ. ಅಡುಗೆಮನೆಯಿಂದ ಓಡಿಬಂದ ಅತ್ತೆ ಅವಳ ಲಂಗ ಹಿಡಿದು ಹಿಂದಕ್ಕೆಳೆದರು. ಅವಳು ನಿಂತಿದ್ದ ಹೊಸ್ತಿಲನ್ನು ಹಾರಿ ಕಾಯಿಗಳು ಅಂಗಳಕ್ಕೆ ನುಗ್ಗಿದವು. ಮಗು ಅಜ್ಜಿಯ ಸೊಂಟವೇರಿ ಕೇಕೆ ಹಾಕುವುದನ್ನು ಕಂಡ ಮೇಲೆಯೇ ನನಗೆ ಉಸಿರು ಬಂದದ್ದು, ಕೈ ನೋಯುತ್ತಿರುವುದು ಗೊತ್ತಾದದ್ದು.

ಸದ್ದಿಗೆ ಕೇರಿಯೇ ಸೇರಿತು. ಮಾವ ತೋಟದಿಂದ ಓಡೋಡಿ ಬಂದರು. ನೆಲ ನೋಡಿದರು. ಅಟ್ಟ ನೋಡಿದರು. ನಡುವೆ ನನ್ನನ್ನು ನೋಡಿದರು.

“ಅಳಿಯಂದ್ರೆ, ಕೊಬ್ರಿ ಇಳ್ಸಾಕೆ ಇನ್ನೂ ಟೈಮಿತ್ತಲ್ಲಾ?”

“ದಬ್ಬೆ ತಗೊಳ್ಳಿ ಅಂದಿದ್ರಲ್ಲ, ಮಾವ...”

“ಹಿತ್ಲಾಗೆ ಅಂದಿದ್ದೆ ಕಣ್ರೀ!”

“ರೀ, ಅದೆಲ್ಲ ಆಮೇಲೆ. ಮೊದ್ಲು ಇಳೀರಿ, ಪಂಚೆ ಜಾರ್ತಾ ಇದೆ!” ಎಂದಳು ಸರೋಜ. ಇದೊಂದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕೇರಿಯವರೆಲ್ಲ ಸೇರಿ ನನ್ನನ್ನು ಇಳಿಸಿ, ದಬ್ಬೆ ಜೋಡಿಸಿ, ಕಾಯಿ ಆರಿಸಿ ಅಟ್ಟಕ್ಕೇರಿಸುವ ಹೊತ್ತಿಗೆ ಸಂಜೆಯಾಯಿತು. ಮಾವ ಒಂದೂ ಬಿರುಸು ಮಾತಾಡಲಿಲ್ಲ. ಮುಂದಿನ ವಾರ ಹಿತ್ತಿಲಿನ ದಬ್ಬೆಗಳನ್ನು ತಾವೇ ಹೆರೆದು ನಯ ಮಾಡಿ, ಬಸ್ಸಿನ ಮೇಲೆ ಹಾಕಿಸಿಕೊಂಡು ತಿಪಟೂರಿಗೆ ತಂದರು. ಗಿಡ್ಡ ಕಾಲಿನ ಚೌಕಟ್ಟಿಗೆ ಅವನ್ನು ಹೊಡೆದು ಹಾಸಿಗೆ ಹಾಸಿದೆವು. ನೆಲದಿಂದ ಬರೀ ಒಂದು ಗೇಣು ಎತ್ತರ. ಮಾವ ಮೇಲೆ ಕುಳಿತು ಕುಪ್ಪಳಿಸಿದರು. ಮಂಚ ಜಗ್ಗಲಿಲ್ಲ.

ಪುಟ್ಟಿ ಮಲಗಿ, ಗಂಭೀರವಾಗಿ ಕೇಳಿದಳು: “ಅಪ್ಪಾ, ದಬ್ಬೆ ಮೇಲೆ ಮಲಗಿದ್ರೆ ನಾನೂ ಒಣಗಿ ಕೊಬ್ರಿ ಆಗ್ತೀನಾ?”

“ನೀನ್ಯಾಕೆ ಒಣಗ್ತೀಯೇ? ಒಣಗಿ ಲೊಡಲೊಡ ಅನ್ನೋದು ನಿಮ್ಮಪ್ಪನ ತಲೆ ಮಾತ್ರ,” ಎಂದಳು ಸರೋಜ. ಮಾವ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು. ಭುಜಗಳು ಮಾತ್ರ ಕುಣಿಯುತ್ತಿದ್ದವು.

ಬೇಸಿಗೆ ರಜೆಗೆ ಮತ್ತೆ ಬಿಳಿಗೆರೆಗೆ ಹೋದೆವು. ರಾತ್ರಿ ಊಟ ಮುಗಿಸಿ ನಡುಮನೆಗೆ ಕಾಲಿಟ್ಟರೆ ನನ್ನ ಚಾಪೆ, ದಿಂಬು ಎರಡೂ ಇಲ್ಲ. ಅತ್ತೆ ಆಗಲೇ ಅವನ್ನು ಹೊರಗೆ ಒಯ್ದಿದ್ದರು.

“ಸರೋಜಾ, ನಿಮ್ಮೆಜಮಾನ್ರು ಅಂಗಳದಾಗೆ ಮಲಗ್ಲಿ ಕಣೇ. ತಂಪಾಗೈತೆ. ಮ್ಯಾಲೆ ಆಕಾಶ ಬುಟ್ರೆ ಕೀಳಾಕೆ ಏನೂ ಇಲ್ಲ!”

ತೆಪ್ಪಗೆ ಹೋಗಿ ಮಲಗಿದೆ. ಕಣ್ಣು ಬಿಟ್ಟರೆ, ಬೆಳದಿಂಗಳಲ್ಲಿ ಬಾಗಿದ ತೆಂಗಿನ ಮರವೊಂದರ ಗೊನೆ ನನ್ನ ಎದೆಯ ನೇರಕ್ಕೇ ತೂಗುತ್ತಿತ್ತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಗಣಿತ ಮೇಷ್ಟ್ರು ಚಾಪೆಯನ್ನು ಮೆಲ್ಲಗೆ ಪಕ್ಕಕ್ಕೆ ಎಳೆದುಕೊಂಡರು!